ಹೆಗ್ಗಣಕ್ಕೆ ವಿಷ ಇಡುವ ಮೊದಲು

ಸಂಪಾದಕರಿಗೆ,

ಮಾನ್ಯರೇ,

ಏಪ್ರಿಲ್ ಮಧ್ಯದ ವಿಷು ಕಳೆದು ಮೇ ಕೊನೆಯ ಭಾಗದ ಪತ್ತನಾಜೆ ಬರುವವರೆಗಿನ ಈ ದಿನಗಳಲ್ಲಿ ಉಡುಪಿ ಮತ್ತು ಮಂಗಳೂರಿನ ಅಂಗಡಿಗಳಲ್ಲಿ ಇಲಿ ಪಾಷಾಣದ ಪೊಟ್ಟಣಗಳು ಹಿಂದಿನ ಕಪಾಟಿನಿಂದ ಮುಂದಿನ ಸಾಲಿಗೆ ಬರುತ್ತವೆ. ಮಳೆ ಹಿಡಿಯುವ ಮೊದಲು ಪಾಗಾರದ (ಆವರಣಗೋಡೆಯ) ಬುಡದ ಬಿಲಗಳಿಗೆ ಒಂದು ಗತಿ ಕಾಣಿಸಬೇಕೆಂಬ ಅವಸರ ಎಲ್ಲ ಮನೆಯವರಿಗೂ ಇರುವುದರಿಂದ, ಚಿಲ್ಲರೆ ಕಾಸಿಗೆ ಸಿಗುವ ಆ ಪೊಟ್ಟಣವೇ ಅತಿ ಅಗ್ಗದ ದಾರಿ ಎಂದು ತೋರುವುದು ಸಹಜವೇ. ಲೆಕ್ಕ ಹಾಕಿ ನೋಡಿದರೆ ಅದು ಅಗ್ಗವಲ್ಲ. ಹಿಂಸೆಯ ಮಾತು ಬಂದರಂತೂ ಅದಕ್ಕಿಂತ ಕೆಟ್ಟ ದಾರಿಗಳು ಬೆರಳೆಣಿಕೆಯಷ್ಟು ಮಾತ್ರ. ಬಿಲ ತೋಡುವ ಪ್ರಾಣಿಗಳನ್ನು ಮನೆಯ ಸುತ್ತಲಿಂದ ದೂರವಿಡಲು ಕಡಿಮೆ ಖರ್ಚಿನ ದಾರಿ ಯಾವುದೋ, ಕಡಿಮೆ ಹಿಂಸೆಯ ದಾರಿಯೂ ಅದೇ ಆಗಿದೆ ಎಂಬುದನ್ನು ತಮ್ಮ ಪತ್ರಿಕೆಯ ಮೂಲಕ ಓದುಗರ ಮುಂದಿಡಲು ಈ ಪತ್ರ ಬರೆಯುತ್ತಿದ್ದೇನೆ.

ಮೊದಲನೆಯದಾಗಿ, ತೋಡುತ್ತಿರುವುದು ಯಾರು ಎಂಬುದನ್ನು ತಿಳಿಯದೆ ಯಾವ ಉಪಾಯಕ್ಕೂ ಕೈಹಾಕಬಾರದು. ತೆಂಗಿನ ಮರ ಹತ್ತಿ ಬೊಂಡ ಕೊರೆಯುವ, ರಾತ್ರಿ ಹಂಚಿನ ಮಾಡಿನಡಿ ಓಡಾಡುವ ಕಪ್ಪಿಲಿ ಸಾಮಾನ್ಯವಾಗಿ ನೆಲ ತೋಡುವ ಗೋಜಿಗೆ ಹೋಗುವುದಿಲ್ಲ. ಅದಕ್ಕೆ ಅಟ್ಟವೇ ಸಾಕು. ಅಂಗಳವನ್ನು ತೋಡಿ ಹಾಕುವುದು ತುಳುವಿನಲ್ಲಿ ನಾವು ಪೆರ್ಗುಡೆ ಎನ್ನುವ ಹೆಗ್ಗಣ. ಇದರಲ್ಲಿ ಎರಡು ಬಗೆಗಳಿದ್ದು, ಗದ್ದೆಯ ಹುಣಿಗಳಲ್ಲಿ (ಬದುಗಳಲ್ಲಿ) ಹೆಚ್ಚಾಗಿರುವ ಸಣ್ಣದು ಒಂದು ಬಗೆಯಾದರೆ, ಪೇಟೆಯ ಚರಂಡಿ ಮತ್ತು ಪಾಗಾರಗಳ ಬದಿಯಲ್ಲಿ ಬೆಕ್ಕನ್ನೂ ಲೆಕ್ಕಿಸದೆ ಓಡಾಡುವ, ಬೆಳೆದಾಗ ಒಂದು ಕಿಲೋದ ಹತ್ತಿರ ತೂಗಬಲ್ಲ ದೊಡ್ಡದು ಇನ್ನೊಂದು. ಹೆಗ್ಗಣವಿರುವ ಬಿಲವನ್ನು ಗುರುತಿಸುವುದು ಕಷ್ಟವಲ್ಲ. ಬಾಯಿಯ ಮುಂದೆ ರಾತ್ರಿ ಎಳೆದು ಹಾಕಿದ ಸಡಿಲ ಮಣ್ಣಿನ ಗುಪ್ಪೆ ಇರುತ್ತದೆ. ಬೆಳಗ್ಗೆ ಮುಟ್ಟಿದರೆ ಸುತ್ತಲಿನ ನೆಲ ಒಣಗಿದ್ದರೂ ಆ ಮಣ್ಣು ತಣ್ಣಗಿರುತ್ತದೆ. ಎಷ್ಟೋ ಸಲ ಬಾಯಿಯನ್ನು ಒಳಗಿನಿಂದಲೇ ಮಣ್ಣಿನಿಂದ ಮುಚ್ಚಿಕೊಂಡಿರುತ್ತದೆ. ಮುಚ್ಚಿದೆ ಎಂದ ಮಾತ್ರಕ್ಕೆ ಖಾಲಿ ಎಂದು ತಿಳಿಯಬಾರದು, ಯಜಮಾನ ಮನೆಯಲ್ಲೇ ಇದ್ದಾನೆ ಎಂದು ಅರ್ಥ. ಬಾಯಿಯ ಸುತ್ತ ಜೇಡರ ಬಲೆ ಕಟ್ಟಿ, ತರಗೆಲೆ ತುಂಬಿ, ಗುಪ್ಪೆ ಗಟ್ಟಿಯಾಗಿದ್ದರೆ ಅದು ಬಿಟ್ಟುಹೋದ ಬಿಲ. ಅಂಥದರಲ್ಲಿ ಕೇರೆಯೋ ನಾಗರಹಾವೋ ಇರುವ ಸಾಧ್ಯತೆ ಇರುವುದರಿಂದ ಕೈ ಹಾಕುವುದಂತೂ ದೂರ, ಕೋಲು ತುರುಕುವುದೂ ಸಲ್ಲದು.

ಹೆಗ್ಗಣವಲ್ಲದ ತೋಡುಗರೂ ನಮ್ಮಲ್ಲಿ ಇದ್ದಾರೆ. ಕಾರ್ಕಳ, ಬೆಳ್ತಂಗಡಿ ಕಡೆ ಗುಡ್ಡದ ಬದಿಯ ಮನೆಗಳವರಿಗೆ ಮುಳ್ಳುಹಂದಿಯ ಉಪದ್ರ ಗೊತ್ತಿರುವಂಥದ್ದೇ. ತೆಂಗಿನ ಎಳೆಯ ಸಸಿಯ ಬುಡವನ್ನು ಒಂದೇ ರಾತ್ರಿಯಲ್ಲಿ ಕಡಿದು ಮುಗಿಸುತ್ತದೆ. ಸಸಿಯ ಸುತ್ತ ಹಳೆಯ ತಗಡನ್ನು ಒಂದೂವರೆ ಎರಡಡಿ ಎತ್ತರಕ್ಕೆ, ಬುಡ ಸ್ವಲ್ಪ ಮಣ್ಣಿನೊಳಗೆ ಇಳಿಯುವಂತೆ ಸುತ್ತಿದರೆ ಅದರ ಕೆಲಸ ಅಲ್ಲಿಗೆ ನಿಲ್ಲುತ್ತದೆ. ಉಡ, ಮುಂಗುಸಿ, ಗೆದ್ದಲು ಹುಡುಕಿ ನೆಲ ಕೆರೆಯುವ ಚಿಪ್ಪುಹಂದಿ ಇವು ನಮಗೆ ಉಪಕಾರ ಮಾಡುವಂಥವೇ ಹೊರತು ಅಪಕಾರ ಮಾಡುವಂಥವಲ್ಲ. ಇವಕ್ಕೂ ಮುಳ್ಳುಹಂದಿಗೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ; ಉರುಳು ಹಾಕುವುದೂ ಬಿಲಕ್ಕೆ ಹೊಗೆ ಬಿಡುವುದೂ ಅಪರಾಧ. ಕಾಣಿಸಿಕೊಂಡದ್ದು ಗಾಯಗೊಂಡಿದ್ದರೆ ಅಥವಾ ಸಿಕ್ಕಿಬಿದ್ದಿದ್ದರೆ ಅರಣ್ಯ ಇಲಾಖೆಯ ಹತ್ತಿರದ ಕಚೇರಿಗೆ ತಿಳಿಸಬೇಕು. ಹಾಗಿಲ್ಲದಿದ್ದರೆ ಅವುಗಳ ಪಾಡಿಗೆ ಬಿಡುವುದೇ ಲೇಸು.

ಇನ್ನು ಹೆಗ್ಗಣ. ಹಳೆಯ ಮನೆಗಳಲ್ಲಿ ಇಲ್ಲದ ಉಪದ್ರ ಹೊಸ ಬಡಾವಣೆಗಳಲ್ಲಿ ಏಕೆ ಎಂದು ಹಲವರು ಕೇಳುತ್ತಾರೆ. ನಾನಿರುವ ಬಡಾವಣೆಯೂ ಸೇರಿದಂತೆ ಉಡುಪಿಯ ಅಂಚಿನ ಎಷ್ಟೋ ಬಡಾವಣೆಗಳು ಬೈಲುಗದ್ದೆಗೆ ಕೆಮ್ಮಣ್ಣು ತುಂಬಿಸಿ ಕಟ್ಟಿದವು. ಹುಣಿಗಳಲ್ಲಿದ್ದ ಹೆಗ್ಗಣಗಳಿಗೆ ನಾವು ಜಾಗ ಬಿಡಿಸಿದೆವು. ಬದಲಿಗೆ ತೋಡಲು ಸುಲಭವಾದ, ಇನ್ನೂ ಕುಳಿತುಕೊಳ್ಳದ ತುಂಬಿಸಿದ ಮಣ್ಣನ್ನೂ ಅದರ ಮೇಲೆ ಮುರಕಲ್ಲಿನ ಪಾಗಾರವನ್ನೂ ಅಡುಗೆಮನೆಯ ಉಳಿಕೆಯನ್ನೂ ಒದಗಿಸಿಕೊಟ್ಟೆವು. ಜೂನ್ ತಿಂಗಳಲ್ಲಿ ಸುತ್ತಲಿನ ಗದ್ದೆಗಳಲ್ಲಿ ನೀರು ನಿಂತಾಗ ಉಳಿದ ಹೆಗ್ಗಣಗಳೂ ಎತ್ತರದ ಜಾಗ ಹುಡುಕಿ ನಮ್ಮ ಅಂಗಳಕ್ಕೇ ಬರುತ್ತವೆ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಈ ಕರಾವಳಿಯಲ್ಲಿ ಪಾಗಾರದ ಅಡಿಯ ಬಿಲ ಬರೀ ಕಿರಿಕಿರಿಯ ವಿಷಯವಲ್ಲ. ಬಿಲದ ಬಾಯಿಂದ ಒಳಹೋದ ನೀರು ಗೋಡೆಯ ಪಂಚಾಂಗದ ಅಡಿಯ ಸಡಿಲ ಮಣ್ಣನ್ನು ಕರಗಿಸಿ ಕೊಂಡೊಯ್ಯುತ್ತದೆ. ಮೇಲಿನಿಂದ ಗೋಡೆ ನೆಟ್ಟಗೇ ಕಾಣುತ್ತಿರುತ್ತದೆ, ಆದರೆ ಕಾಲಡಿ ಪೊಳ್ಳಾಗಿರುತ್ತದೆ. ತಡೆಗೋಡೆಯಾಗಿ ಮಣ್ಣನ್ನು ಹಿಡಿದು ನಿಂತಿರುವ ಪಾಗಾರವಾದರೆ ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ಅದರ ಬದಿಯಲ್ಲಿ ವಾಹನ ನಿಲ್ಲಿಸುವುದಕ್ಕೂ ಮಕ್ಕಳು ಆಡುವುದಕ್ಕೂ ಹೆದರಬೇಕಾಗುತ್ತದೆ.

ಆದುದರಿಂದ ಏನನ್ನೂ ಮಾಡದೆ ಸುಮ್ಮನಿರಿ ಎಂದು ನಾನು ಹೇಳುತ್ತಿಲ್ಲ. ವಿಷ ಏಕೆ ಬೇಡ ಎಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕು.

ಕಪ್ಪು ಪುಡಿಯ ರೂಪದಲ್ಲಿ ಸಿಗುವ ಜಿಂಕ್ ಫಾಸ್ಫೈಡ್ ಹೊಟ್ಟೆಯ ಆಮ್ಲದೊಂದಿಗೆ ಸೇರಿ ಫಾಸ್ಫೀನ್ ಎಂಬ ವಿಷಾನಿಲವಾಗಿ ಕೊಲ್ಲುತ್ತದೆ. ಸಾಕಷ್ಟು ತಿಂದ ಹೆಗ್ಗಣ ಸಾಯುತ್ತದೆ. ಸ್ವಲ್ಪವೇ ತಿಂದು ಹೊಟ್ಟೆನೋವು ಅನುಭವಿಸಿ ಬದುಕಿದ ಹೆಗ್ಗಣ ಬಹುಕಾಲ ಆ ತಿಂಡಿಯ ಹತ್ತಿರ ಸುಳಿಯುವುದಿಲ್ಲ. ಹೊಸ ವಸ್ತುವನ್ನು ಅನುಮಾನದಿಂದ ನೋಡಿ, ಮೊದಲು ಚೂರು ರುಚಿ ನೋಡುವುದು ಈ ಜಾತಿಯ ಸ್ವಭಾವವೇ ಆಗಿರುವುದರಿಂದ, ಮೊದಲ ವಾರ ಕೆಲಸ ಮಾಡಿದ ಪೊಟ್ಟಣ ಮುಂದಿನ ತಿಂಗಳು ಕೆಲಸ ಮಾಡುವುದಿಲ್ಲ. ಇದಕ್ಕೆ ಪರಿಹಾರವೆಂದು ಬಂದ ಬ್ರೊಮಾಡಿಯೋಲೋನ್ ಬಿಲ್ಲೆಗಳು ರಕ್ತ ಹೆಪ್ಪುಗಟ್ಟದಂತೆ ಮಾಡಿ, ನಾಲ್ಕೈದು ದಿನಗಳ ಕಾಲ ಒಳಗೊಳಗೇ ರಕ್ತ ಸುರಿಸಿ ಕೊಲ್ಲುತ್ತವೆ. ಆ ದಿನಗಳಲ್ಲಿ ಹೆಗ್ಗಣ ಮಂಕಾಗಿ ಹಗಲಿನಲ್ಲೂ ಹೊರಗೆ ತಿರುಗುತ್ತದೆ. ಅದನ್ನು ಸುಲಭವಾಗಿ ಹಿಡಿದು ತಿನ್ನುವ ಬೆಕ್ಕು, ನಾಯಿ, ಗೂಬೆ, ಕೇರೆಹಾವು ಇವುಗಳ ಮೈಗೂ ವಿಷ ಏರುತ್ತದೆ. ನಾಗಬನಕ್ಕೆ ವರ್ಷ ವರ್ಷ ತಂಬಿಲದ ಪೂಜೆ ಕೊಟ್ಟು, ನಾಗರಪಂಚಮಿಯಂದು ಹಾಲೆರೆಯುವ ನಾವೇ ಹಾವಿನ ಆಹಾರಕ್ಕೆ ಪಾಷಾಣ ಬೆರೆಸುತ್ತಿದ್ದೇವೆ. ಭಕ್ತಿಯ ಮಾತನ್ನು ಬದಿಗಿಟ್ಟು ಬರೀ ಲಾಭದ ದೃಷ್ಟಿಯಿಂದ ನೋಡಿದರೂ ಇದು ಸೋಲಿನ ವ್ಯಾಪಾರ. ಹೆಣ್ಣು ಹೆಗ್ಗಣ ಮೂರು ತಿಂಗಳಿಗೆಲ್ಲ ಬಲಿತು, ಸುಮಾರು ಮೂರು ವಾರ ಗರ್ಭ ಧರಿಸಿ, ಒಂದೇ ಸೂಲಿಗೆ ಆರೇಳು ಮರಿ ಹಾಕುತ್ತದೆ. ಕೇರೆಯೂ ಗೂಬೆಯೂ ಸಾಮಾನ್ಯವಾಗಿ ವರ್ಷಕ್ಕೆ ಒಂದೆರಡು ಸಲ ಮಾತ್ರ ಮೊಟ್ಟೆಯಿಡುವಂಥವು. ಎರಡೂ ಕಡೆಯವರು ಸತ್ತರೆ ಮೊದಲು ಚೇತರಿಸಿಕೊಳ್ಳುವುದು ಯಾರು ಎಂಬುದನ್ನು ಬೇರೆ ಹೇಳಬೇಕಾಗಿಲ್ಲ.

ವಿಷ ತಿಂದ ಹೆಗ್ಗಣ ಮನೆಯ ಹೊರಗೆ ಹೋಗಿ ಸಾಯುತ್ತದೆ ಎಂಬ ಮಾತನ್ನು ಕೆಲವು ಅಂಗಡಿಗಳಲ್ಲಿ ಇಂದಿಗೂ ಹೇಳುತ್ತಾರೆ. ಅದು ಸಾಯುವುದು ಬಹುಮಟ್ಟಿಗೆ ಬಿಲದೊಳಗೆ. ಬಿಲ ಇರುವುದು ನಮ್ಮ ನೆಲದ ಅಡಿಗೆ. ಆ ವಾಸನೆಗೆ ಊದಿನಕಡ್ಡಿ, ಫಿನಾಯಿಲು ಯಾವುದೂ ತಡೆಯಾಗದೆ, ಕೊನೆಗೆ ಟೈಲ್ಸ್ ಒಡೆದು ಹುಡುಕಿದ ಮನೆಯವರನ್ನು ನಾನು ಬಲ್ಲೆ. ಪೊಟ್ಟಣದ ಬೆಲೆಗೆ ಆ ಖರ್ಚನ್ನೂ ಕೂಡಿಸಿ ಲೆಕ್ಕ ಹಾಕಬೇಕು.

ಇದಕ್ಕಿಂತಲೂ ಗಂಭೀರವಾದದ್ದು ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆ. ಧಾನ್ಯದ ದಾಸ್ತಾನಿಗೆಂದು ಇರುವ ಈ ಮಾತ್ರೆಯನ್ನು ಸರಕಾರಿ ಸಂಸ್ಥೆಗಳು ಮತ್ತು ತರಬೇತಿ ಪಡೆದ ಪರವಾನಗಿದಾರರು ಮಾತ್ರ ಬಳಸಬೇಕೆಂಬ ನಿಯಮವಿದ್ದರೂ, ಪರಿಚಯದ ಮೇಲೆ ಕೈಗೆ ಬಂದದ್ದನ್ನು ಬಿಲಕ್ಕೆ ಹಾಕಿ ಮಣ್ಣು ಮುಚ್ಚುವವರಿದ್ದಾರೆ. ತೇವ ತಾಗಿದೊಡನೆ ಅದು ಬಿಡುವ ಅನಿಲ ಬಿಲದ ದಾರಿಯಾಗಿ, ಬಿರುಕಿನ ದಾರಿಯಾಗಿ ಮಲಗುವ ಕೋಣೆಗೂ ಬರಬಹುದು; ಆ ವಿಷಕ್ಕೆ ಪ್ರತಿವಿಷವಿಲ್ಲ. ಮನೆಯ ಹತ್ತಿರ ಅದನ್ನು ಯಾವ ಕಾರಣಕ್ಕೂ ತರಬಾರದು.

ಅಂಟುಹಲಗೆಯ ವಿಷಯ ಎರಡೇ ಮಾತಿನಲ್ಲಿ ಹೇಳುವಂಥದ್ದು. ಸಿಕ್ಕಿದ ಪ್ರಾಣಿ ತನ್ನ ಚರ್ಮವನ್ನೇ ಕಿತ್ತುಕೊಳ್ಳುತ್ತ, ಹಸಿವು ಬಾಯಾರಿಕೆಗಳಿಂದ ಗಂಟೆಗಟ್ಟಲೆ ನರಳಿ ಸಾಯುತ್ತದೆ. ಓತಿಕ್ಯಾತ, ಅಳಿಲು, ಹಕ್ಕಿಮರಿಗಳೂ ಅದಕ್ಕೆ ಬಲಿಯಾಗುತ್ತವೆ. ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯು ಇದನ್ನು ತಡೆಯುವಂತೆ ರಾಜ್ಯಗಳಿಗೆ ಸೂಚಿಸಿದ್ದು, ಪ್ರಾಣಿಗಳಿಗೆ ಅನಾವಶ್ಯಕ ನೋವು ಕೊಡುವುದು 1960ರ ಕಾಯ್ದೆಯ ಪ್ರಕಾರ ಅಪರಾಧವೂ ಆಗುತ್ತದೆ.

ಹಾಗಾದರೆ ಬೋನು ಇಟ್ಟು ಹಿಡಿದು ದೂರ ಬಿಟ್ಟರಾಯಿತಲ್ಲ ಎಂದು ಕರುಣೆಯುಳ್ಳವರು ಕೇಳಬಹುದು. ಈ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ವಲ್ಪ ಕಠಿಣವಾಗಿ ಕಂಡೀತು. ನಮ್ಮ ಹೆಗ್ಗಣವನ್ನು ಸೇತುವೆ ದಾಟಿಸಿ ಪಕ್ಕದ ಊರಿನ ಗದ್ದೆಯ ಬದಿಗೆ ಬಿಡುವುದು ದಯೆಯಲ್ಲ, ಉಪದ್ರವನ್ನು ದಾಟಿಸುವುದಷ್ಟೇ; ಬಿಲವೂ ಇಲ್ಲದ, ಆಹಾರದ ಜಾಗವೂ ಗೊತ್ತಿಲ್ಲದ ಪರಸ್ಥಳದಲ್ಲಿ ಅದು ಬದುಕುವ ಸಂಭವವೂ ಕಡಿಮೆ, ಬದುಕಿದರೆ ಅಲ್ಲಿಯ ರೈತನಿಗೆ ಉಪದ್ರವೂ ತಪ್ಪಿದ್ದಲ್ಲ. ಮರಿಗಳಿರುವ ತಾಯಿಯನ್ನು ಒಯ್ದರೆ ಬಿಲದಲ್ಲಿ ಮರಿಗಳು ಹಸಿದು ಸಾಯುತ್ತವೆ. ಮನೆಯೊಳಗೇ ನುಗ್ಗಿದ ಒಂದೆರಡನ್ನು ಬೋನಿನಲ್ಲಿ ಹಿಡಿಯಲೇಬೇಕಾಗಿ ಬಂದರೆ ಬೆಳಗಾಗುತ್ತಲೇ ಬೋನನ್ನು ನೋಡಬೇಕು. ಬಿಸಿಲಿಗೆ ಇಟ್ಟು ಮರೆಯುವುದೂ ಬೋನಿನ ಸಮೇತ ನೀರಿನಲ್ಲಿ ಮುಳುಗಿಸುವುದೂ ವಿಷಕ್ಕಿಂತ ಮೇಲಿನ ಕೆಲಸಗಳಲ್ಲ. ಕೊಲ್ಲಲೇಬೇಕೆಂದಾದಲ್ಲಿ, ಒಂದೇ ಏಟಿಗೆ ಮುಗಿಸುವ ಗಟ್ಟಿ ಸ್ಪ್ರಿಂಗಿನ ಇಲಿಕತ್ತರಿಯನ್ನು ಮಕ್ಕಳಿಗೂ ಸಾಕುಪ್ರಾಣಿಗಳಿಗೂ ಸಿಗದಂತೆ ಪೆಟ್ಟಿಗೆಯೊಳಗೆ ಇಡುವುದು ಪಾಷಾಣಕ್ಕಿಂತ ಕಡಿಮೆ ಕ್ರೂರ.

ನಿಜವಾದ ಪರಿಹಾರ ಇರುವುದು ಆಹಾರವನ್ನು ತಪ್ಪಿಸಿ, ಆಮೇಲೆ ನೆಲವನ್ನು ಭದ್ರಪಡಿಸುವುದರಲ್ಲಿ. ಈ ಕ್ರಮವನ್ನು ಹಿಂದುಮುಂದು ಮಾಡಬಾರದು. ತಿನ್ನಲು ಸಿಗುವವರೆಗೆ ಒಂದು ಬಿಲ ಮುಚ್ಚಿದರೆ ಅದು ಮಾರು ದೂರದಲ್ಲಿ ಇನ್ನೊಂದನ್ನು ತೋಡಿಯೇ ತೋಡುತ್ತದೆ.

ನಮ್ಮ ಮನೆಗಳಲ್ಲಿ ಹೆಗ್ಗಣಕ್ಕೆ ಏನೇನು ಸಿಗುತ್ತದೆ ಎಂದು ಒಂದು ಸಂಜೆ ಹಿತ್ತಿಲಿಗೆ ಸುತ್ತು ಬಂದರೆ ತಿಳಿಯುತ್ತದೆ. ಬಂಗುಡೆ, ಬೂತಾಯಿಯ ತಲೆ ಮತ್ತು ಕರುಳನ್ನು ಗೊಬ್ಬರವಾಗಲಿ ಎಂದು ತೆಂಗಿನ ಬುಡಕ್ಕೆ ಹಾಗೆಯೇ ಸುರಿಯುತ್ತೇವೆ. ನಾಯಿಯ ಬಟ್ಟಲಿನಲ್ಲಿ ಉಳಿದ ಕುಚ್ಚಲಕ್ಕಿ ಅನ್ನ ರಾತ್ರಿಯಿಡೀ ಅಲ್ಲೇ ಇರುತ್ತದೆ. ಮೇ ತಿಂಗಳಲ್ಲಿ ಹಲಸು ಬಿದ್ದು ಒಡೆದರೆ ಎತ್ತುವವರಿಲ್ಲ. ಕೊಬ್ಬರಿ ಒಣಗಿಸಿದ ಅಂಗಳದಲ್ಲಿ ಚೂರುಗಳು, ಬಚ್ಚಲಿನ ನೀರು ಹೋಗುವಲ್ಲಿ ಪಾತ್ರೆ ತೊಳೆದ ಅನ್ನದ ಅಗುಳು, ಕೋಳಿಗೂಡಿನ ಕೆಳಗೆ ಚೆಲ್ಲಿದ ತೌಡು. ಮೀನಿನ ಉಳಿಕೆಯನ್ನು ಒಂದೂವರೆ ಅಡಿ ಆಳದ ಗುಂಡಿಯಲ್ಲಿ ಹಾಕಿ ಮಣ್ಣು ತುಳಿದು ಮೇಲೊಂದು ಚಪ್ಪಡಿ ಇಡುವುದು, ನಾಯಿಯ ಬಟ್ಟಲನ್ನು ಕತ್ತಲಾಗುವ ಮೊದಲು ತೊಳೆದಿಡುವುದು, ತೌಡನ್ನೂ ಕೋಳಿಯ ಆಹಾರವನ್ನೂ ಮುಚ್ಚಳವಿರುವ ತಗಡಿನ ಡಬ್ಬದಲ್ಲಿಡುವುದು: ಇವುಗಳಿಗೆ ದುಡ್ಡು ಬೇಕಿಲ್ಲ, ಅಭ್ಯಾಸ ಮಾತ್ರ ಬೇಕು. ಪ್ಲಾಸ್ಟಿಕ್ ಡಬ್ಬ ಸಾಲದು. ಜೀವಮಾನವಿಡೀ ಬೆಳೆಯುತ್ತಲೇ ಇರುವ ಹಲ್ಲುಗಳನ್ನು ಸವೆಸಿಕೊಳ್ಳಲು ಅದಕ್ಕೆ ಅಂಥದ್ದೇ ಬೇಕು. ಪಾಗಾರಕ್ಕೆ ಒರಗಿಸಿಟ್ಟ ಮಡಲು, ತೆಂಗಿನ ಸಿಪ್ಪೆ ಮತ್ತು ಸೌದೆಯ ರಾಶಿಗಳು ಬಿಲದ ಬಾಯಿಗೆ ಮರೆಯಾಗುತ್ತವೆ. ಅವುಗಳನ್ನು ಗೋಡೆಯಿಂದ ಎರಡಡಿ ದೂರಕ್ಕೆ ಸರಿಸಿ, ಕಲ್ಲುಗಳ ಮೇಲೆ ಹಲಗೆಯಿಟ್ಟು ನೆಲದಿಂದ ಒಂದಡಿ ಮೇಲೆ ಒಟ್ಟಿದರೆ ಹೆಗ್ಗಣಕ್ಕೆ ಬಯಲಿನಲ್ಲಿ ಓಡಾಡಬೇಕಾಗಿ ಬರುತ್ತದೆ. ಬಯಲಿಗೆ ಬಂದ ಹೆಗ್ಗಣವನ್ನು ಗೂಬೆ ನೋಡಿಕೊಳ್ಳುತ್ತದೆ.

ಇದಾಗಿ ಒಂದು ವಾರದ ನಂತರ ಬಿಲಗಳ ಕಡೆಗೆ ಬರಬೇಕು. ಸಂಜೆ ಎಲ್ಲ ಬಾಯಿಗಳನ್ನೂ ಹಸಿಮಣ್ಣಿನಿಂದ ಹಗುರವಾಗಿ ಮುಚ್ಚಿ, ಮರುದಿನ ಬೆಳಗ್ಗೆ ಯಾವುದು ತೆರೆದಿದೆ ಎಂದು ನೋಡಿದರೆ ಇರುವ ಬಿಲ, ಇಲ್ಲದ ಬಿಲ ತಿಳಿಯುತ್ತವೆ. ಗದ್ದೆಗಳಲ್ಲಿ ಇಲಿಗಳ ಪ್ರಮಾಣ ತಿಳಿಯಲು ಕೃಷಿ ವಿಜ್ಞಾನಿಗಳು ಬಳಸುವ ಕ್ರಮವೂ ಇದೇ. ತೆರೆಯದವುಗಳನ್ನು, ಒಳಗೆ ಹಾವಿಲ್ಲವೆಂದು ಖಾತ್ರಿಯಿದ್ದರೆ, ಕೂಡಲೇ ಜಲ್ಲಿ ತುಂಬಿಸಿ ಭದ್ರವಾಗಿ ಮುಚ್ಚಬಹುದು. ತೆರೆದವುಗಳನ್ನು ಆಗಲೇ ಮುಚ್ಚಿದರೆ ಒಳಗಿನವು ಬೇರೆ ಕಡೆ ಕೊರೆದು ಬರುತ್ತವೆ, ಮರಿಗಳು ಒಳಗೇ ಸಾಯುತ್ತವೆ. ಅವಸರ ಮಾಡದೆ, ಪಾಗಾರದ ಕಡೆಯ ಬಾಯಿಯಿಂದ ಹಾರೆಯಲ್ಲಿ ದಿನಕ್ಕೊಂದಿಷ್ಟು ಮಣ್ಣು ಸಡಿಲಿಸುತ್ತ, ಸುತ್ತಲಿನ ಹುಲ್ಲು ಸವರಿ ಬೆಳಕು ಬೀಳುವಂತೆ ಮಾಡಿ, ಹೊರಗಿನ ಬಾಯಿಯೊಂದನ್ನು ತೆರೆದೇ ಬಿಡಬೇಕು. ನೆಮ್ಮದಿ ಕೆಟ್ಟ ಬಿಲದಲ್ಲಿ ಹೆಣ್ಣು ಹೆಗ್ಗಣ ನಿಲ್ಲುವುದಿಲ್ಲ. ಮರಿಗಳನ್ನು ಒಂದೊಂದಾಗಿ ಬಾಯಲ್ಲಿ ಕಚ್ಚಿಕೊಂಡು ಬೇರೆಡೆ ಸಾಗಿಸುತ್ತದೆ. ಸಂಜೆಯ ಹಸಿಮಣ್ಣು ಎರಡು ಮೂರು ಬೆಳಗ್ಗೆ ಒಡೆಯದೆ ಉಳಿಯಿತೆಂದರೆ ಬಿಲ ಖಾಲಿಯಾಗಿದೆ.

ಆಗ ಮುಚ್ಚುವ ಕೆಲಸ. ಬರೀ ಮಣ್ಣು ತುಂಬಿದರೆ ಒಂದು ರಾತ್ರಿಯ ಮಾತು. ಮನೆ ಕಟ್ಟಿದಾಗ ಉಳಿದ ಜಲ್ಲಿ, ಒಡೆದ ಹಂಚು, ಮುರಕಲ್ಲಿನ ಚೂರು ಇವನ್ನು ಬಿಲದೊಳಕ್ಕೆ ಕೋಲಿನಿಂದ ಗಿಡಿದು, ಮೇಲೆ ತೆಳುವಾದ ಸಿಮೆಂಟು ಗಾರೆ ಹಾಕಿದರೆ ಸಾಕು. ಗಾಜಿನ ಚೂರು ತುಂಬಿಸುವ ಹಳೆಯ ಪದ್ಧತಿಯನ್ನು ಬಿಡಬೇಕು. ಅದು ಮುಂದೊಂದು ದಿನ ಬರಿಗಾಲಿನಲ್ಲಿ ಮಣ್ಣು ತೆಗೆಯುವವರ ಕಾಲಿಗೇ ಬರುತ್ತದೆ. ಪದೇ ಪದೇ ತೋಡುವ ಜಾಗದಲ್ಲಿ ಅರ್ಧ ಇಂಚಿನ ಕಣ್ಣಿನ ವೆಲ್ಡ್ ಮಾಡಿದ ಕಬ್ಬಿಣದ ಜಾಲರಿಯನ್ನು ಹೂಳುವುದು ಅತ್ಯುತ್ತಮ. ಗೋಡೆಗೆ ತಾಗಿಸಿ ಒಂದೂವರೆ ಅಡಿ ಕೆಳಗಿಳಿಸಿ, ತುದಿಯ ಒಂದಡಿಯನ್ನು ಹೊರಮುಖವಾಗಿ ಮಡಚಿ ಮಲಗಿಸಬೇಕು. ಹೆಗ್ಗಣ ಯಾವಾಗಲೂ ಗೋಡೆಯ ಬುಡಕ್ಕೇ ಬಂದು ಕೆಳಮುಖವಾಗಿ ತೋಡುತ್ತದೆ. ಕಾಲಡಿ ಜಾಲರಿ ತಾಗಿದಾಗ ಒಂದಡಿ ಹಿಂದೆ ಸರಿದು ಅಲ್ಲಿಂದ ತೋಡಬೇಕೆಂದು ಅದಕ್ಕೆ ತೋಚುವುದಿಲ್ಲ. ಇಡೀ ಪಾಗಾರಕ್ಕೆ ಜಾಲರಿ ಬೇಕಿಲ್ಲ, ಅಡುಗೆಮನೆಯ ಹಿಂಬದಿ ಮತ್ತು ನೀರು ಹೋಗುವ ಕೊಳವೆಗಳ ಸುತ್ತಮುತ್ತ ಹಾಕಿದರೆ ಮುಕ್ಕಾಲು ಪಾಲು ಕೆಲಸ ಆದಂತೆ. ಪೆನ್ಸಿಲ್ ತೂರುವಷ್ಟು ಸಂದಿಯಲ್ಲಿ ಸಣ್ಣ ಇಲಿ ನುಗ್ಗುತ್ತದೆಯಾದ್ದರಿಂದ ಬಾಗಿಲಡಿಯ ಸಂದಿಗೂ ಬಚ್ಚಲಿನ ಜಾಲಿಗೂ ಕಾಲು ಇಂಚಿನ ಕಣ್ಣಿನದೇ ಬೇಕು.

ನುಸಿಗುಳಿಗೆ, ಮೆಣಸಿನ ಹೊಗೆ, ಪುದೀನ ಎಣ್ಣೆ, ಕೇಳಿಸದ ಶಬ್ದ ಮಾಡುವ ಯಂತ್ರ ಇವುಗಳಿಗೆ ಖರ್ಚು ಮಾಡಿದ ಹಣದಲ್ಲಿ ಎರಡು ಚೀಲ ಸಿಮೆಂಟು ಬರುತ್ತದೆ ಎಂದಷ್ಟೇ ಹೇಳಿ ಮುಂದೆ ಹೋಗುತ್ತೇನೆ.

ಈ ಕೆಲಸ ಮಾಡುವವರು ಮರೆಯಬಾರದ ಒಂದು ಸಂಗತಿ ಇಲಿಜ್ವರ. ಹೆಗ್ಗಣ ಮತ್ತು ಇಲಿಗಳ ಮೂತ್ರದಲ್ಲಿ ಬರುವ ಲೆಪ್ಟೊಸ್ಪೈರಾ ಎಂಬ ರೋಗಾಣು ಹಸಿಮಣ್ಣಿನಲ್ಲೂ ನಿಂತ ನೀರಿನಲ್ಲೂ ವಾರಗಟ್ಟಲೆ ಬದುಕಿದ್ದು, ಕೈಕಾಲಿನ ಸಣ್ಣ ಗಾಯದ ಮೂಲಕ ದೇಹ ಸೇರುತ್ತದೆ. ನಮ್ಮ ಎರಡೂ ಜಿಲ್ಲೆಗಳಲ್ಲಿ ಮಳೆಗಾಲದಲ್ಲಿ ಇದರ ಪ್ರಕರಣಗಳು ಕಾಣಿಸಿಕೊಳ್ಳುತ್ತಲೇ ಇರುತ್ತವೆ. ಬಿಲದ ಮಣ್ಣಿಗೆ ಬರಿಗೈ ಹಾಕದೆ ರಬ್ಬರ್ ಕೈಗವಸು ಮತ್ತು ಗಂಬೂಟು ಹಾಕಿಕೊಳ್ಳಬೇಕು. ಕೆಲಸದ ನಂತರ ಸಾಬೂನಿನಿಂದ ತೊಳೆದುಕೊಳ್ಳಬೇಕು. ಇಂಥ ಕೆಲಸ ಮಾಡಿದ ಒಂದೆರಡು ವಾರಗಳಲ್ಲಿ ಜ್ವರ, ಮೀನಖಂಡದಲ್ಲಿ ವಿಪರೀತ ನೋವು, ಕಣ್ಣು ಕೆಂಪಾಗುವುದು ಕಂಡುಬಂದರೆ ಪ್ಯಾರಸಿಟಮಾಲ್ ನುಂಗಿ ಕಾಯದೆ, ಮಣ್ಣು ತೋಡಿದ ವಿಷಯವನ್ನೂ ವೈದ್ಯರಿಗೆ ತಿಳಿಸಬೇಕು. ಬೇಗ ಗುರುತಿಸಿದರೆ ಸಾಮಾನ್ಯ ಆಂಟಿಬಯೋಟಿಕ್‌ಗಳಿಂದಲೇ ಗುಣವಾಗುವ ಕಾಯಿಲೆ ಇದು. ಹೆಗ್ಗಣವನ್ನು ಕೊಂದು ನೀರಿನ ತೋಡಿಗೆ ಎಸೆಯುವವರು ಆ ನೀರಿನಲ್ಲಿ ಇಳಿದು ಗದ್ದೆ ಕೆಲಸ ಮಾಡುವವರನ್ನು ನೆನೆಯಬೇಕು.

ಕೊನೆಯದಾಗಿ, ಒಂದು ಮನೆಯವರು ಎಷ್ಟೇ ಮಾಡಿದರೂ ಬದಿಯ ಚರಂಡಿ ಹಾಗೆಯೇ ಇದ್ದರೆ ಅದು ಅರ್ಧ ಕೆಲಸ. ಕಾಂಕ್ರೀಟು ಚಪ್ಪಡಿ ಮುಚ್ಚಿದ ನಮ್ಮ ರಸ್ತೆ ಬದಿಯ ಚರಂಡಿಗಳು ಹೆಗ್ಗಣಗಳಿಗೆ ಹಗಲಿನಲ್ಲೂ ನಿರ್ಭಯವಾಗಿ ಓಡಾಡಲು ಮಾಡಿಕೊಟ್ಟ ಹೆದ್ದಾರಿ. ಅಲ್ಲಿಂದ ಪ್ರತಿ ಮನೆಗೂ ಒಂದು ಕೊಳವೆ ತೆರೆದ ಬಾಯಿಯಲ್ಲಿ ನಿಂತಿರುತ್ತದೆ. ಒಂದು ಬೀದಿಯ ಮನೆಗಳವರು ಒಂದೇ ವಾರದಲ್ಲಿ ಆಹಾರ ತಪ್ಪಿಸಿ, ಒಂದೇ ವಾರದಲ್ಲಿ ಬಿಲ ಮುಚ್ಚಿದರೆ ಹೆಗ್ಗಣ ಆಚೆಮನೆಯಿಂದ ಈಚೆಮನೆಗೆ ಬಿಡಾರ ಬದಲಿಸುವುದು ತಪ್ಪುತ್ತದೆ. ಬಡಾವಣೆಯ ನಿವಾಸಿಗಳ ಸಂಘಗಳು ಸ್ವಚ್ಛತಾ ಕಾರ್ಯಕ್ರಮದ ಭಾವಚಿತ್ರಕ್ಕೆ ನಿಲ್ಲುವ ಒಂದು ಭಾನುವಾರವನ್ನು ಇದಕ್ಕೆ ಕೊಡಬಹುದು. ಮಂಗಳೂರು ಮಹಾನಗರ ಪಾಲಿಕೆಯೂ ಉಡುಪಿ ನಗರಸಭೆಯೂ ಮಳೆಗಾಲದ ಮುನ್ನ ಚರಂಡಿಯ ಹೂಳೆತ್ತಿಸುವಾಗ, ಅದೇ ಗುತ್ತಿಗೆಯಲ್ಲಿ ಮನೆಕೊಳವೆಗಳ ಬಾಯಿಗೆ ತೆಗೆದು ತೊಳೆಯಬಹುದಾದ ಕಬ್ಬಿಣದ ಜಾಲರಿ ಕೂರಿಸುವುದನ್ನೂ, ಮುರಿದ ಚಪ್ಪಡಿಗಳ ಸಂದಿ ಮುಚ್ಚುವುದನ್ನೂ ಸೇರಿಸಬೇಕೆಂದು ವಿನಂತಿಸುತ್ತೇನೆ. ಮೀನು ಮಾರುಕಟ್ಟೆಗಳ ಮತ್ತು ಕೋಳಿ ಅಂಗಡಿಗಳ ಉಳಿಕೆ ರಾತ್ರಿಯಾಗುವ ಮೊದಲು ಸಾಗುವಂತೆಯೂ ನೋಡಿಕೊಳ್ಳಬೇಕು. ಮೇ ತಿಂಗಳು ಮುಗಿಯುವುದರೊಳಗೆ ಇದು ಆಗದಿದ್ದರೆ ಈ ವರ್ಷಕ್ಕೆ ಆಗುವುದಿಲ್ಲ. ನೀರು ಹರಿಯತೊಡಗಿದ ಮೇಲೆ ಚರಂಡಿಗೆ ಇಳಿಯುವವರು ಯಾರೂ ಇರುವುದಿಲ್ಲ.

ಇಂತು,
ಅಂಬಲಪಾಡಿಯ ಓರ್ವ ಓದುಗ
ಉಡುಪಿ